ಎಮಿಷನ್ ಟೆಸ್ಟ್ ಸೆಂಟರ್ ಹಾಕಬಹುದಾ? ಈ ನಿಯಮಗಳಿಂದ ಗಾಳಿ ನಿಜವಾಗಿ ಶುದ್ಧವಾಗುತ್ತಾ?

ಸೆಂಟರ್ ಹಾಕೋಣ ಅಂತಿದ್ದೀನಿ, ಆದರೆ ಇದರಿಂದ ಗಾಳಿಗೆ ಏನಾದರೂ ಉಪಯೋಗ ಇದೆಯಾ, ದಂಡ ಇನ್ನೂ ಜಾಸ್ತಿ ಮಾಡಿದರೆ ಜನ ದಾರಿಗೆ ಬರ್ತಾರಾ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಇದೇ ಕೆಲಸ ಮಾಡಿ ಬಿಟ್ಟವನು ನಾನು. ಹಾಗಾಗಿ ಓದಿದ ಕೂಡಲೇ ಬರೆಯಲು ಕೂತೆ.

2016ರಲ್ಲಿ ಒಂದು ಪೆಟ್ರೋಲ್ ಬಂಕ್ ಪಕ್ಕ ಸಣ್ಣ ಜಾಗ ಬಾಡಿಗೆಗೆ ಹಿಡಿದೆ. ಪೆಟ್ರೋಲ್ ಗಾಡಿಗೆ ಗ್ಯಾಸ್ ಅನಲೈಸರ್, ಡೀಸೆಲ್ ಗಾಡಿಗೆ ಸ್ಮೋಕ್ ಮೀಟರ್, ಒಂದು ಕಂಪ್ಯೂಟರ್, ನಂಬರ್ ಪ್ಲೇಟ್ ಫೋಟೊ ತೆಗೆಯಲು ಕ್ಯಾಮೆರಾ. ಸಾಲ ಮಾಡಿಯೇ ಎಲ್ಲ ತಂದಿದ್ದೆ. ಶುರುವಿನಲ್ಲಿ ಕಟ್ಟುನಿಟ್ಟಾಗಿ ಟೆಸ್ಟ್ ಮಾಡುತ್ತಿದ್ದೆ. ಪೆಟ್ರೋಲ್ ಗಾಡಿಗಾದರೆ ಪ್ರೋಬ್, ಅಂದರೆ ಹೊಗೆ ಎಳೆದುಕೊಳ್ಳುವ ಕೊಳವೆ, ಸೈಲೆನ್ಸರ್ ಒಳಗೆ ಸುಮಾರು ಒಂದು ಅಡಿ ಹೋಗಬೇಕು. ಬೈಕಿನ ಸೈಲೆನ್ಸರ್‌ನಲ್ಲಿ ಅಷ್ಟು ಹೋಗದಿದ್ದರೆ ಎಕ್ಸ್‌ಟೆನ್ಷನ್ ಪೈಪ್ ಹಾಕಬೇಕು. ಸುಮ್ನೆ ತುದಿಯಲ್ಲಿ ಹಿಡಿದರೆ ಹೊರಗಿನ ಗಾಳಿ ಬೆರೆತು ಕೆಟ್ಟ ಗಾಡಿಯೂ ಪಾಸ್ ಆಗಿಬಿಡುತ್ತದೆ. ನಾನು ಸರಿಯಾಗಿ ಹಾಕುತ್ತಿದ್ದೆ. ಫೇಲ್ ಆದವರಿಗೆ ಏರ್ ಫಿಲ್ಟರ್ ನೋಡಿಸಿ, ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿಕೊಂಡು ಬನ್ನಿ ಅನ್ನುತ್ತಿದ್ದೆ. ಅವರು ವಾಪಸ್ ಬರುತ್ತಿರಲಿಲ್ಲ. ಮುಂದಿನ ಸರ್ಕಲ್‌ನಲ್ಲಿ ಇನ್ನೊಬ್ಬರು ವ್ಯಾನ್ ನಿಲ್ಲಿಸಿಕೊಂಡಿದ್ದರು. ಅಲ್ಲಿ ಯಾರೂ ಫೇಲ್ ಆಗುತ್ತಿರಲಿಲ್ಲ.

ಕಂತು ಕಟ್ಟಲು ಕಷ್ಟವಾಗುತ್ತಿದ್ದ ಹೊತ್ತಿನಲ್ಲಿ ಸ್ಕೂಲ್ ವ್ಯಾನ್ ಓಡಿಸುವ ಟ್ರಾವೆಲ್ಸ್ ಮಾಲೀಕರೊಬ್ಬರು ಬಂದರು. "ನಮ್ಮ ಎಲ್ಲ ಗಾಡಿ ನಿಮ್ಮಲ್ಲೇ ಮಾಡಿಸ್ತೀನಿ, ದುಡ್ಡು ತಿಂಗಳಿಗೊಮ್ಮೆ ಒಟ್ಟಿಗೆ ಕೊಡ್ತೀನಿ" ಅಂದರು. ಖುಷಿಯಿಂದ ಒಪ್ಪಿಕೊಂಡೆ.

ನನ್ನನ್ನು ಮುಳುಗಿಸಿದ್ದು ಅದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಹತ್ತಿರವೂ ಇಂಥವರು ಬಂದೇ ಬರುತ್ತಾರೆ. ದಾರಿಹೋಕ ಗಿರಾಕಿಯನ್ನು ಫೇಲ್ ಮಾಡಿದರೆ ಒಂದು ಗಾಡಿಯ ಫೀಸು ಹೋಗುತ್ತದೆ, ಅಷ್ಟೇ. ಒಟ್ಟಿಗೆ ಕೊಡುವವರ ಒಂದು ವ್ಯಾನನ್ನು ಫೇಲ್ ಮಾಡಿದರೆ ಅವರ ಎಲ್ಲ ಗಾಡಿಗಳೂ ಬೇರೆಯವರ ಪಾಲಾಗುತ್ತವೆ. ಹಳೇ ಬಾಕಿಯೂ ಅವರ ಕೈಯಲ್ಲೇ ಇರುತ್ತದೆ. ಇಷ್ಟೆಲ್ಲ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮಾಲೀಕರು ಒಂದು ದಿನವೂ "ಪಾಸ್ ಮಾಡಿ" ಅನ್ನಲಿಲ್ಲ, ಲಂಚದ ಮಾತೂ ಬರಲಿಲ್ಲ. ಆದರೆ ಒಪ್ಪಿಕೊಂಡ ದಿನದಿಂದಲೇ ನಾನು ಅವರ ಸಂಬಳದ ಆಳಾಗಿದ್ದೆ. ಸರ್ಕಾರದ ಪರವಾಗಿ ಹೊಗೆ ಅಳೆಯುವವನು ಅನ್ನುವುದು ಬೋರ್ಡಿನ ಮೇಲೆ ಮಾತ್ರ ಇತ್ತು.

ಒಂದು ಹಳೇ ಬಿಎಸ್-3 (ಭಾರತ್ ಸ್ಟೇಜ್, ಅಂದರೆ ಸರ್ಕಾರದ ಹೊಗೆ ಮಿತಿಯ ಮೂರನೇ ಹಂತ) ಡೀಸೆಲ್ ವ್ಯಾನ್ ಬಂತು. ಡೀಸೆಲ್ ಟೆಸ್ಟ್ ಹೇಗೆ ಗೊತ್ತಾ? ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಅನ್ನು ತಟ್ಟನೆ ಪೂರ್ತಿ ಒತ್ತಬೇಕು, ಹೀಗೆ ಹಲವು ಸಲ. ಗಾಳಿ ಬರುವುದಕ್ಕಿಂತ ಮೊದಲೇ ಡೀಸೆಲ್ ಒಳಗೆ ನುಗ್ಗುವುದರಿಂದ ಇಂಜಿನ್‌ನ ಬಂಡವಾಳವೆಲ್ಲ ಆ ಗಳಿಗೆಯಲ್ಲಿ ಬಯಲಾಗುತ್ತದೆ. ಅರ್ಧ ಒತ್ತಿದರೆ ಡೀಸೆಲ್ ಕಡಿಮೆ, ಹೊಗೆಯೂ ಕಡಿಮೆ. ಆ ವ್ಯಾನಿಗೆ ಮಿತಿ, ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಮಾನದಲ್ಲಿ, 65 ಎಚ್‌ಎಸ್‌ಯು. ಮೊದಲ ಸಲ ಪೂರ್ತಿ ಒತ್ತಿದಾಗ ಮಿತಿ ದಾಟಿತು. ಡ್ರೈವರ್ ಓಡಿ ಬಂದು, "ಅಣ್ಣಾ, ಅಷ್ಟು ಒತ್ತಬೇಡಿ, ಟೈಮಿಂಗ್ ಬೆಲ್ಟ್ ಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ" ಅಂದ. ಅವನ ಭಯ ಸುಳ್ಳೇನಲ್ಲ, ಹಳೇ ಇಂಜಿನ್‌ಗಳಲ್ಲಿ ಹಾಗಾಗುವುದುಂಟು. ಆಮೇಲೆ ಅರ್ಧ ಒತ್ತಿದೆ. ಪಾಸ್. ಸರ್ಟಿಫಿಕೇಟ್ ಪ್ರಿಂಟ್ ಆಯಿತು. ಅದೇ ವ್ಯಾನ್‌ನಲ್ಲಿ ಮಕ್ಕಳು ಹಿಂದಿನ ಕಿಟಕಿ ತೆಗೆದುಕೊಂಡು ಕೂರುತ್ತಿದ್ದರು. ಇವತ್ತಿಗೂ ನನಗೆ ಸಂಕಟವಾಗುವುದು ಅದನ್ನು ನೆನೆದಾಗ.

2019ರ ಸೆಪ್ಟೆಂಬರ್ ನಿಮಗೂ ನೆನಪಿರಬಹುದು. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಬಂದು, ಎಮಿಷನ್ ದಂಡ ₹1,000ದಿಂದ ₹10,000ದವರೆಗೆ ಏರಿತು. ಬೆಳಿಗ್ಗೆ ಶಟರ್ ಎತ್ತುವ ಮುಂಚೆಯೇ ರಸ್ತೆವರೆಗೆ ಕ್ಯೂ. ದಂಡ ಜಾಸ್ತಿ ಮಾಡಿದರೆ ಏನಾಗುತ್ತದೆ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಆ ಕ್ಯೂನಲ್ಲೇ ಇತ್ತು. ಗ್ಯಾರೇಜಿಗೆ ಹೋಗಿ ಗಾಡಿ ರಿಪೇರಿ ಮಾಡಿಸಿಕೊಂಡು ಬಂದವರು ಬೆರಳೆಣಿಕೆಯಷ್ಟು. ಮಿಕ್ಕವರಿಗೆಲ್ಲ ಚೀಟಿ ಬೇಕಿತ್ತು, ಬೇಗ ಬೇಕಿತ್ತು. ದಂಡ ಏರಿದ್ದರಿಂದ ಚೀಟಿಯ ಬೆಲೆ ಏರಿತು, ಹೊಗೆ ಇಳಿಯಲಿಲ್ಲ. ಹಾಗಾಗಿ ದಂಡದ ಬಗ್ಗೆ ನಿಮ್ಮ ಯೋಚನೆಯೇ ದಾರಿ ತಪ್ಪಿದೆ ಅಂತ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅದೇ ಗಲಾಟೆಯ ದಿನಗಳಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು ರಸ್ತೆಯಲ್ಲಿ ಆ ವ್ಯಾನನ್ನು ನಿಲ್ಲಿಸಿದರು. ಹಿಂದೆ ಕಪ್ಪು ಹೊಗೆ, ಕೈಯಲ್ಲಿ ನನ್ನ ಸರ್ಟಿಫಿಕೇಟ್. ಮತ್ತೆ ಟೆಸ್ಟ್ ಮಾಡಿಸಿದರು, ಮಿತಿಗಿಂತ ಎಷ್ಟೋ ಮೇಲಿತ್ತು. ನನ್ನ ಲೈಸೆನ್ಸ್ ಅಮಾನತಾಯಿತು. ಬಾಡಿಗೆ, ಕಂತು ಎರಡೂ ನಿಲ್ಲಲಿಲ್ಲ. ಕೊನೆಗೆ ಮೆಷಿನ್ ಸಿಕ್ಕಿದ ಬೆಲೆಗೆ ಮಾರಿ ಒಂದು ವರ್ಕ್‌ಶಾಪ್ ಸೇರಿದೆ. ಟ್ರಾವೆಲ್ಸ್‌ನವರು ಬೇರೆ ಸೆಂಟರ್‌ಗೆ ಹೋದರು.

ಹಾಗಂತ "ನಿಯಮ ಎಲ್ಲ ಕಾಟಾಚಾರ" ಅನ್ನುವವರ ಜೊತೆ ನಾನು ಸೇರುವುದಿಲ್ಲ. ವರ್ಕ್‌ಶಾಪ್‌ನಲ್ಲಿ ದಿನವೂ ನೋಡುತ್ತೇನೆ. ಹಳೇ ಡೀಸೆಲ್ ಗಾಡಿಯ ಸೈಲೆನ್ಸರ್ ಒಳಗೆ ಬೆರಳು ಹಾಕಿ ತಿರುಗಿಸಿದರೆ ಕಾಡಿಗೆಯಂತೆ ಮಸಿ ಬರುತ್ತದೆ, ಸೋಪು ಹಾಕಿದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ಮಸಿಯ ಕಣ ಹಿಡಿದಿಡುವ ಪರ್ಟಿಕ್ಯುಲೇಟ್ ಫಿಲ್ಟರ್ ಇರುವ ಬಿಎಸ್-6 ಡೀಸೆಲ್ ಕಾರಿನಲ್ಲಿ ಅದೇ ಬೆರಳು ಹೆಚ್ಚುಕಡಿಮೆ ಹಾಗೇ ಆಚೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು. ಬಿಎಸ್-4 ಡೀಸೆಲ್‌ನಲ್ಲಿ 50 ಪಿಪಿಎಂವರೆಗೆ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇರಬಹುದಾಗಿದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಗಂಧಕ ಇಳಿಯದಿದ್ದರೆ ಆ ಫಿಲ್ಟರ್‌ಗಳು ಬಾಳಿಕೆ ಬರುತ್ತಿರಲಿಲ್ಲ. ಈ ಬದಲಾವಣೆಗೆ ಯಾವ ಡ್ರೈವರ್‌ನ ಒಪ್ಪಿಗೆಯೂ ಬೇಕಾಗಲಿಲ್ಲ, ನನ್ನಂಥ ಟೆಸ್ಟ್‌ನವನ ಪ್ರಾಮಾಣಿಕತೆಯೂ ಬೇಕಾಗಲಿಲ್ಲ. ಕೆಲವೇ ರಿಫೈನರಿಗಳು, ಕೆಲವೇ ಗಾಡಿ ಕಂಪನಿಗಳು ಬದಲಾದರೆ ಸಾಕಿತ್ತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲೇ ನಿಂತಿದ್ದೂ ಹೀಗೆಯೇ. ಬಂಕಿಗೆ ಬರುವುದೇ ನಿಂತ ಮೇಲೆ ಯಾರು ತಾನೇ ಹಾಕಿಸುತ್ತಾರೆ?

ಮೈಕೆಲ್ ಗ್ರೀನ್‌ಸ್ಟೋನ್, ರೆಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಭಾರತದ ನಗರಗಳ ಅಂಕಿಅಂಶ ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮಲ್ಲಿ ಗಾಳಿಯ ನಿಯಮಗಳು ಕೆಲಸ ಮಾಡಿವೆ, ನೀರಿನವು ಮಾಡಿಲ್ಲ ಅನ್ನುವುದು ಅದರ ಸಾರ. ಅದರಲ್ಲೂ ಚೆನ್ನಾಗಿ ಫಲ ಕೊಟ್ಟಿದ್ದು 1995ರಲ್ಲಿ ಮಹಾನಗರಗಳಿಂದ ಶುರುವಾದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ಕಡಿಮೆ ಮಾಡುವ ಸಾಧನ) ನಿಯಮ. ಅದೂ ಫ್ಯಾಕ್ಟರಿಯಲ್ಲೇ ಕೂರಿಸಿ ಕಳಿಸುವ ವಸ್ತು, ಅಲ್ವಾ?

ಇನ್ನೊಂದು ಅಧ್ಯಯನ ಓದಿದಾಗ ನನ್ನ ಕಥೆಯನ್ನೇ ಯಾರೋ ಬರೆದಂತಿತ್ತು. ಗುಜರಾತಿನಲ್ಲಿ ಕಾರ್ಖಾನೆಗಳೇ ತಮ್ಮ ಪರಿಸರ ಆಡಿಟರ್‌ನನ್ನು ಆರಿಸಿ, ತಾವೇ ಫೀಸು ಕೊಡುತ್ತಿದ್ದವು. ವರದಿಗಳಲ್ಲಿ ಎಷ್ಟೋ ಕಾರ್ಖಾನೆಗಳ ಹೊಗೆ ಮಿತಿಗಿಂತ ಸ್ವಲ್ಪವೇ ಕೆಳಗೆ ಬಂದು ನಿಂತಿರುತ್ತಿತ್ತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿಗೆ ಸೇರಿ ಒಂದು ಪ್ರಯೋಗ ಮಾಡಿದರು. ಆಡಿಟರ್‌ಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು, ಫೀಸನ್ನು ಒಂದೇ ನಿಧಿಯಿಂದ ಕೊಟ್ಟರು, ಆಗಾಗ ಹೋಗಿ ಮರು ಅಳತೆ ಮಾಡಿದರು. ವರದಿಗಳು ನಿಜ ಹೇಳತೊಡಗಿದವು, ಕಾರ್ಖಾನೆಗಳೂ ಮಾಲಿನ್ಯ ಇಳಿಸಿದವು. ಕಾನೂನು ಹಳೆಯದೇ, ಮಿತಿಯೂ ಹಳೆಯದೇ. ದುಡ್ಡು ಬರುವ ಕೈ ಬೇರೆಯಾಗಿತ್ತು.

ನನ್ನ ಅಂಗಡಿಯಲ್ಲೂ ಹಾಗೇ ಇದ್ದಿದ್ದರೆ ಆ ವ್ಯಾನನ್ನು ಫೇಲ್ ಮಾಡಿ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ. ಯಾವ ಗಾಡಿ ಯಾವ ಸೆಂಟರ್‌ಗೆ ಹೋಗಬೇಕು ಅಂತ ಕಂಪ್ಯೂಟರ್ ಹೇಳಲಿ. ಫೀಸು ಸರ್ಕಾರದ ಖಾತೆಗೆ ಹೋಗಿ ಅಲ್ಲಿಂದ ನಮಗೆ ಬರಲಿ, ಪಾಸಾದರೂ ಫೇಲಾದರೂ ಅಷ್ಟೇ ಬರಲಿ. ರಸ್ತೆ ಬದಿಯಲ್ಲಿ ಬೆಳಕಿನ ಕಿರಣ ಹಾಯಿಸಿ ಓಡುವ ಗಾಡಿಯ ಹೊಗೆ ಅಳೆಯುವ ರಿಮೋಟ್ ಸೆನ್ಸಿಂಗ್ ಇದೆ, ಅದನ್ನು ಹಾಕಲಿ. ಆ ಮೆಷಿನ್‌ಗೆ ಗಿರಾಕಿಯೇ ಇಲ್ಲ, ಮುಲಾಜೂ ಇಲ್ಲ. ಈಗಿನ ಟೆಸ್ಟ್‌ಗೆ ಇನ್ನೊಂದು ಕೊರತೆಯೂ ಇದೆ. ಪೆಟ್ರೋಲ್ ಗಾಡಿಯಲ್ಲಿ ನಾವು ನೋಡುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್‌ನಲ್ಲಿ ಹೊಗೆ ಎಷ್ಟು ದಟ್ಟ ಅನ್ನುವುದು. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳೂ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಿಮ್ಮ ವಿಷಯ. ನನ್ನ ಸಲಹೆ, ಹಾಕಬೇಡಿ. ನೀವು ಕೆಟ್ಟವರು ಅಂತಲ್ಲ. ಈ ವ್ಯವಸ್ಥೆಯಲ್ಲಿ ನೇರವಾಗಿ ನಡೆಯುವವರಿಗೆ ನಷ್ಟ ಕಟ್ಟಿಟ್ಟ ಬುತ್ತಿ. ಗಾಳಿಯ ಕಾಳಜಿಯಿಂದಲೇ ಈ ಕೆಲಸಕ್ಕೆ ಬರುತ್ತಿದ್ದರೆ ಅದೇ ಬಂಡವಾಳದಲ್ಲಿ ಇಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್, ಒಳಗೆ ಸಿಂಪಡಿಸುವ ನಾಝಲ್ ಇವುಗಳ ರಿಪೇರಿ ಕಲಿತು ಅಂಗಡಿ ಹಾಕಿ. ಒಂದು ಟೆಂಪೋದ ನಾಝಲ್ ಸರಿಯಾದರೆ ಅದರ ಹೊಗೆ ನಿಜವಾಗಿ ಇಳಿಯುತ್ತದೆ, ಮಾಲೀಕನಿಗೂ ಡೀಸೆಲ್ ಉಳಿಯುತ್ತದೆ, ಅವನೇ ಖುಷಿಯಿಂದ ದುಡ್ಡು ಕೊಡುತ್ತಾನೆ.

ಇಲ್ಲ, ಹಾಕಿಯೇ ಹಾಕ್ತೀನಿ ಅಂದರೆ ಗಾಡಿ ಜಾಸ್ತಿ ಇರುವವರ ಹತ್ತಿರ ತಿಂಗಳ ಲೆಕ್ಕ ಇಟ್ಟುಕೊಳ್ಳಬೇಡಿ. ಪ್ರತಿ ಗಾಡಿಗೂ ಟೆಸ್ಟ್ ಶುರು ಮಾಡುವ ಮುಂಚೆಯೇ ಫೀಸು ಎಣಿಸಿಕೊಳ್ಳಿ. ಸ್ಕ್ರೀನ್ ಗಿರಾಕಿಯ ಕಡೆಗೇ ತಿರುಗಿಸಿಡಿ, ನಂಬರ್ ಅವರೇ ನೋಡಲಿ. ಮೆಷಿನ್ ಕೊಳ್ಳುವಾಗ ಎಕ್ಸ್‌ಟೆನ್ಷನ್ ಪೈಪ್ ಕೇಳಿ ಪಡೆಯಿರಿ, ಕ್ಯಾಲಿಬ್ರೇಷನ್‌ಗೆ (ಮೆಷಿನ್ ಅಳತೆ ಸರಿ ಇದೆಯಾ ಅಂತ ನೋಡಿ ಸರಿಪಡಿಸಲು) ಯಾರು ಬರುತ್ತಾರೆ, ಎಷ್ಟು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ. ಸ್ಕೂಲ್ ವ್ಯಾನ್ ಬಂದರೆ ಪೆಡಲ್ ಪೂರ್ತಿ ಒತ್ತಿ.