ಒಂದೇ ಹಟ್ಟಿ, ಜೆರ್ಸಿಗೆ ಮಾತ್ರ ಉಣುಗು ಯಾಕೆ?

ಒಂದೇ ಹಟ್ಟಿಯಲ್ಲಿ (ಕೊಟ್ಟಿಗೆಯಲ್ಲಿ) ಕಟ್ಟಿದ ಎರಡು ದನಗಳಲ್ಲಿ ಜೆರ್ಸಿಗೆ ಮಾತ್ರ ಇಷ್ಟು ಉಣುಗು (ಉಣ್ಣೆ) ಯಾಕೆ, ನಾಯಿಯಿಂದ ಬಂತೇ ಎಂದು ಕೇಳಿದ್ದೀರಿ. ನಾಯಿಯಿಂದ ಬಂದದ್ದಲ್ಲ, ತೋಟದ ಹುಲ್ಲಿನಿಂದ ಬಂದದ್ದಿರಬೇಕು. ಪಟ ನೋಡದೆ ಖಂಡಿತ ಹೇಳಲಾರೆ, ಆದರೆ ನೀವು ಹೇಳುವ ಹಾಗೆ ಜೆರ್ಸಿ ಮಿಶ್ರತಳಿಯ ಕೆಚ್ಚಲಿನ ಸುತ್ತ ಗೊಂಚಲು, ಪಕ್ಕದ ಕಾಸರಗೋಡು ಗಿಡ್ಡಕ್ಕೆ (ಕುಳ್ಳ ನಾಡದನಕ್ಕೆ) ನಾಲ್ಕೈದು ಮಾತ್ರ ಎಂದರೆ ಅದು ದನದ ಉಣುಗೇ. ನಾಯಿಯ ಕಂದು ಉಣುಗು ಬೇರೆ ಜಾತಿ, ಅದಕ್ಕೆ ಮುಖ್ಯವಾಗಿ ನಾಯಿಯೇ ಬೇಕು.

ಮರಿ ಉಣುಗು ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ. ಆ ಕಾಲಲ್ಲೇ ಉಸಿರು, ಮೈಬಿಸಿ, ವಾಸನೆ ಹಿಡಿಯುವ ಅಂಗ ಉಂಟು. ಹತ್ತುವಾಗ ಗಿಡ್ಡ, ಜೆರ್ಸಿ ಎಂಬ ಭೇದ ಹೆಚ್ಚಿಲ್ಲ. ಹತ್ತಿದ ಮೇಲೆ ನಾಡದನದ ಚರ್ಮ ಕೆರಳುತ್ತದೆ, ಅದು ನೆಕ್ಕಿ ನೆಕ್ಕಿ ಉದುರಿಸುತ್ತದೆ. ಜೆರ್ಸಿ ಪಾಪ, ಸಹಿಸಿಕೊಂಡು ನಿಲ್ಲುತ್ತದೆ. ಸುಮಾರು ಮೂರು ವಾರ ಅಲ್ಲೇ ಉಂಡು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ.

ಹಾಗಾಗಿ ಮೊದಲು ಉಬ್ಬಿದವನ್ನು ಕಿತ್ತು ಸಾಬೂನು ನೀರಿಗೆ ಹಾಕಿ. ಬೆರಳಲ್ಲಿ ಹಿಸುಕಬೇಡಿ. ಕಿವಿಯೊಳಗೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಬಾಲದ ಬುಡ ಬಿಡಬೇಡಿ. ಆಮೇಲೆ ಮೃಗಾಸ್ಪತ್ರೆಯಲ್ಲಿ ಕೇಳಿ ಮದ್ದು ಹಚ್ಚಿ, ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಅಲ್ಲೇ ಕೇಳಿ. ಮೂರು ವಾರದೊಳಗೆ ಮತ್ತೊಮ್ಮೆ ನೋಡಿ. ಗಿಡ್ಡವನ್ನೂ ಸೇರಿಸಿ. ಹಟ್ಟಿಯಲ್ಲಿ ಹಾಸಿದ ಸೊಪ್ಪು ತೆಗೆದು ಗೋಡೆಬಿರುಕು ಮುಚ್ಚಿ. ಮೇಯಿಸಿದ ಜಾಗಕ್ಕೆ ಕೆಲವು ತಿಂಗಳು ದನ ಬಿಡಬೇಡಿ.

ಜ್ವರ ಬಂದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಇದೆಲ್ಲ ಬಿಟ್ಟು ಅವತ್ತೇ ಡಾಕ್ಟರನ್ನು ಕರೆಸಿ.