ಕಚೇರಿಗಿಂತ ಮೊದಲು ಹಾಡಿಯ ಶಿಕ್ಷಕಿ

ಮಾನ್ಯರೇ,

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ಪುಟ್ಟ ವಸತಿಗಳಲ್ಲಿ, ವಯಸ್ಕರಿಗೆ ಅಕ್ಷರ ಕಲಿಸುತ್ತಿರುವ ತಮ್ಮ ಸಂಸ್ಥೆಯ ಸ್ಥಿತಿಯನ್ನು ವಿವರಿಸಿದ ಪತ್ರ ತಲುಪಿದೆ. ದಸರೆಯ ವೇಳೆಗೆ 22 ಮಂದಿ ಇದ್ದ ರಾತ್ರಿ ಶಾಲೆಗೆ ಸಂಕ್ರಾಂತಿಯ ಹೊತ್ತಿಗೆ 5 ಮಂದಿ ಮಾತ್ರ ಬರುತ್ತಿದ್ದಾರೆಂದೂ, ಕಲಿಯುವವರಿಗೆ ಆಸಕ್ತಿ ಕುಂದಿದೆ ಎಂದೂ ಬರೆದು, ಸಂಸ್ಥೆಯನ್ನು ಬಲಪಡಿಸಲು ಪೇಟೆಯಲ್ಲಿ ಕಚೇರಿ ತೆರೆದು ಅನುಭವಿ ಶಿಕ್ಷಕರನ್ನು ನೇಮಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕೈಯಲ್ಲಿರುವ ಹಣ ಮೊದಲು ಹಾಡಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಶಿಕ್ಷಕಿಯ ತಿಂಗಳ ಸಂಬಳಕ್ಕೆ ಹೋಗಲಿ.

ಹಲವರು ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಿದ್ದಾರೆ ಎಂಬ ಮಾತನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ತಮ್ಮ ಸಮಸ್ಯೆಯ ಬೇರು ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಹೊಟ್ಟೆಪಾಡಿಗೆ ತೋಟದ ಲೈನ್‌ಮನೆ (ಕೂಲಿಯವರ ಸಾಲುಮನೆ) ಸೇರಿದವರು ಹಾಡಿಯ ಶಾಲೆಗೆ ಬಾರದಿದ್ದರೆ ಅದನ್ನು ನಿರಾಸಕ್ತಿ ಎನ್ನಲಾಗದು. ಅವರ ಜೊತೆಗೇ ಕೊಯ್ಲಿಗೆ ಹೋಗುವ ಶಿಕ್ಷಕಿಯಿದ್ದರೆ ಪಾಠವೂ ಲೈನ್‌ಮನೆಗೆ ಹೋಗುತ್ತದೆ. ಪೇಟೆಯಿಂದ ಬರುವ ಶಿಕ್ಷಕರಿಗೆ ಇದು ಸಾಧ್ಯವಿಲ್ಲ. ಅದೂ ಅಲ್ಲದೆ ಹಾಡಿಯ ಜೇನುಕುರುಬ ಬುಡಕಟ್ಟಿನವರಿಗೆ ತಮ್ಮದೇ ನುಡಿಯಿದೆ. ಪುಸ್ತಕದ ಕನ್ನಡದಲ್ಲಿ ತಡವರಿಸುವ ಹಿರಿಯರು ತಮ್ಮ ಮಾತಿನಲ್ಲಿ ವಿವರಿಸಿದರೆ ಬೇಗ ಗ್ರಹಿಸುತ್ತಾರೆ.

ಈ ದಾರಿಯಲ್ಲಿ ನಡೆದವರು ದೂರದಲ್ಲಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ವಿಲ್ಕಾನಿಯಾ ಎಂಬ ಪುಟ್ಟ ಊರಿನಲ್ಲಿ 2012ರಲ್ಲಿ ಮೂಲನಿವಾಸಿ ವಯಸ್ಕರಿಗಾಗಿ ಸಾಕ್ಷರತಾ ಅಭಿಯಾನ ಆರಂಭವಾಯಿತು. ಕ್ಯೂಬಾ ದೇಶದಲ್ಲಿ ರೂಪುಗೊಂಡ, ಗೊತ್ತಿರುವ ಅಂಕಿಗಳ ಮೂಲಕ ಗೊತ್ತಿಲ್ಲದ ಅಕ್ಷರಗಳನ್ನು ಪರಿಚಯಿಸುವ ವಿಧಾನವನ್ನು ಅಲ್ಲಿ ಬಳಸಿದರು. ಪಾಠ ಶುರುವಾಗುವ ಮೊದಲೇ ಊರಿನವರೇ ಮನೆಮನೆಗೆ ಹೋಗಿ ಮಾತನಾಡಿದರು. ತರಗತಿ ನಡೆಸಿದವರೂ ಸ್ಥಳೀಯ ಮೂಲನಿವಾಸಿಗಳೇ. ಅಕ್ಷರ ಕಲಿತ ನಂತರದ ಅವಧಿಯನ್ನು ಅವರು ಅಭಿಯಾನದ ಮೂರನೆಯ ಹಂತವೆಂದೇ ಎಣಿಸಿ ಅದಕ್ಕೂ ತಯಾರಿ ಮಾಡಿಕೊಂಡಿರುತ್ತಾರೆ. ಲಿಟರಸಿ ಫಾರ್ ಲೈಫ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ಈ ಕೆಲಸವನ್ನು ಇತರ ಊರುಗಳಿಗೂ ಒಯ್ದಿದೆ.

ಆ ಮೂರನೆಯ ಹಂತದ ಬಗ್ಗೆ ತಮ್ಮ ಪತ್ರದಲ್ಲಿ ಏನೂ ಇಲ್ಲದಿರುವುದು ನನ್ನನ್ನು ಹೆಚ್ಚು ಕಾಡಿತು. ಹೆಬ್ಬೆಟ್ಟು ಬಿಟ್ಟು ರುಜು ಹಾಕಲು ಕಲಿತ ಕೂಡಲೇ ತಮ್ಮ ಲೆಕ್ಕದಲ್ಲಿ ಒಬ್ಬರು ಸಾಕ್ಷರರಾಗುತ್ತಾರೆ. ಆದರೆ ಓದದೆ ಹಾಕಿದ ರುಜು ಹೆಬ್ಬೆಟ್ಟಿನಷ್ಟೇ ಅಪಾಯಕಾರಿ. ಕಾಡಿನ ಜಾಗದ ಮೇಲೆ ಹಕ್ಕು ಕೇಳಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸುವ ಅರ್ಜಿಯನ್ನೇ ನೋಡಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನೂ ಆ ಕಾಯ್ದೆಯ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ, ಆದರೆ ಅದು ಬರಹದಲ್ಲಿರಬೇಕು. ಅಜ್ಜ ಇದ್ದ ಜಾಗ, ನೀರಿನ ಕಟ್ಟೆ, ಪೂಜೆಯ ಕಲ್ಲು, ಜೇನು ಇಳಿಸುತ್ತಿದ್ದ ಮರ ಇವೆಲ್ಲ ಅಜ್ಜಿಯ ಬಾಯಲ್ಲಿವೆ. ಅವನ್ನು ಬರೆದುಕೊಂಡು, ಬರೆದದ್ದನ್ನು ಅಜ್ಜಿಗೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಬಲ್ಲ ಮೊಮ್ಮಗಳು ಅದೇ ಹಾಡಿಯಲ್ಲಿರುವುದು ಎಷ್ಟು ದೊಡ್ಡ ಬಲ! ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ತೋಟದ ಮೇಸ್ತ್ರಿ ಬರೆದಿಟ್ಟ ಮುಂಗಡದ ಲೆಕ್ಕ ಇವೂ ಪಾಠವಾಗಲಿ. ಮುಂಗಡದ ಲೆಕ್ಕದ ದಿನ ತರಗತಿ ತುಂಬುತ್ತದೆ ಎಂದು ನಾನು ನಂಬಿದ್ದೇನೆ.

ಹಣದ ವಿಚಾರ. ನೆರವು ನೀಡುತ್ತಿದ್ದವರು ಮುಂದಿನ ವರ್ಷಕ್ಕೆ ಹಿಂದೆ ಸರಿದಿರುವುದು ನೋವಿನ ಸಂಗತಿಯೇ. ಆದರೆ ಒಬ್ಬರನ್ನೇ ನೆಚ್ಚಿದ್ದ ಸಂಸ್ಥೆಗೆ ಈ ಪೆಟ್ಟು ಇಂದಲ್ಲ ನಾಳೆ ಬೀಳುವಂಥದ್ದು. ಒಬ್ಬ ಶಿಕ್ಷಕಿಯ ಸಂಬಳದಷ್ಟು ಮೊತ್ತವನ್ನು ತಾಲ್ಲೂಕಿನೊಳಗೇ ಹತ್ತಾರು ಮನೆಗಳಿಂದ ಸಣ್ಣ ಸಣ್ಣ ವಂತಿಗೆಯಾಗಿ ಕೂಡಿಸುವುದು ಕಷ್ಟವಾದರೂ ಆಗದ ಕೆಲಸವಲ್ಲ.

ಇನ್ನೊಂದು ಮಾತು. ತಮ್ಮ ಕಾರ್ಯಕಾರಿ ಸಮಿತಿಯ 7 ಮಂದಿಯಲ್ಲಿ ಹಾಡಿಯವರು ಒಬ್ಬರೂ ಇಲ್ಲ ಎಂದು ತಾವೇ ಬರೆದಿದ್ದೀರಿ. ಈ ವರ್ಷದ ಸರ್ವಸದಸ್ಯರ ಸಭೆಯನ್ನು ಪೇಟೆಯ ಬದಲು ಹಾಡಿಯಲ್ಲೇ, ಕೊಯ್ಲು ಮುಗಿದು ಎಲ್ಲರೂ ಮರಳಿದ ಮೇಲೆ ಕರೆಯಿರಿ. ಸಂಸ್ಥೆಯ ಜಮಾ-ಖರ್ಚನ್ನು ಈಗಲೂ ತಪ್ಪದೆ ಬರುತ್ತಿರುವ ಆ ಐವರಲ್ಲಿ ಒಬ್ಬರು ಎಲ್ಲರೆದುರು ಗಟ್ಟಿಯಾಗಿ ಓದಲಿ, ಆಮೇಲೆ ಸಮಿತಿಯ ಆಯ್ಕೆ ನಡೆಯಲಿ.

- ಸಂ.