ಹೊಲಿಗೆ ಕೆಲಸದ ನಡುವೆ ಆನ್‌ಲೈನ್ ಕೋರ್ಸ್

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಮನೆ ತಲುಪುವಾಗ ರಾತ್ರಿಯಾಗುತ್ತದೆ. ವಾಟ್ಸ್‌ಆ್ಯಪ್ ಬಿಟ್ಟರೆ ಬೇರೇನೂ ಬಾರದು. ‘ಸ್ವಯಂ’ ಕೋರ್ಸ್ ಸೇರಬಹುದೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಖಂಡಿತ ಸೇರಿ, ತಂಗಿ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಕಲಿಕೆ ಉಚಿತ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ವಿಡಿಯೊ ನೋಡುವುದು ನಿಮಗೆ ಕಷ್ಟವಾಗದು. ಎಡವುವುದು ಇಮೇಲ್, ಪಾಸ್‌ವರ್ಡ್, ಅಸೈನ್‌ಮೆಂಟ್ ಸಲ್ಲಿಕೆಯಲ್ಲಿ. ಊರಿನ ಅರಿವು ಕೇಂದ್ರದಲ್ಲಿ (ಗ್ರಾಮ ಪಂಚಾಯಿತಿ ಗ್ರಂಥಾಲಯ) ಕಂಪ್ಯೂಟರ್ ಇದ್ದರೆ ಮೊದಲು ಅಷ್ಟನ್ನು ಕಲಿಯಿರಿ. ಕೇಳಲು ಸಂಕೋಚ ಬೇಡ.

ನನ್ನ ನಿಜವಾದ ಆತಂಕ ನಿಮ್ಮ ಓವರ್‌ಟೈಮಿನದು. ಕೆಲಸವಿಲ್ಲದವರಿಗೆ ಡೇಟಾ ಹಣದ ಚಿಂತೆ, ನಿಮಗೆ ಸಮಯದ್ದು. ಅಸೈನ್‌ಮೆಂಟಿಗೆ ವಾರವಾರವೂ ಗಡುವಿರುತ್ತದೆ. ಆದ್ದರಿಂದ 12 ವಾರದ ಕೋರ್ಸ್ ಬಿಟ್ಟು 4 ವಾರದ್ದನ್ನು ಆರಿಸಿ. ಹೆಚ್ಚಿನವು ಇಂಗ್ಲಿಷ್‌ನಲ್ಲಿವೆ, ಮೊದಲ ಪಾಠ ಕೇಳಿಯೇ ನಿರ್ಧರಿಸಿ. ಭಾನುವಾರದ ಬೆಳಗನ್ನು ಮನೆಯವರಿಂದ ಹಕ್ಕಿನಿಂದಲೇ ಕೇಳಿ ಪಡೆಯಿರಿ.